ಹುಳುವಿಲ್ಲದ ಹುಳುಕು

ಕೆಟ್ಟುಹೋದ ಹಲ್ಲಿಗೆ ಕನ್ನಡದಲ್ಲಿ ‘ಹುಳುಕು ಹಲ್ಲು’ ಎಂದು ಹೆಸರು. ಹಲ್ಲನ್ನು ಯಾವುದೋ ಹುಳು ಕೊರೆದು ತಿನ್ನುತ್ತದೆಂಬ ಬಹು ಹಳೆಯ ನಂಬಿಕೆಯೊಂದು ಈ ಮಾತಿನೊಳಗೆ ಅಡಗಿ ಕುಳಿತಿದೆ. ಈ ನಂಬಿಕೆ ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಪ್ರಾಚೀನ ಬ್ಯಾಬಿಲೋನಿಯದ ಜನರೂ ಹಲ್ಲುನೋವಿಗೆ ಹುಳುವನ್ನೇ ದೂರಿದ್ದರು. ಯುರೋಪಿನಲ್ಲಿ ಹಲ್ಲುನೋವಿನವನ ಬಾಯಿಗೆ ಖುರಾಸಾನಿ ಓಮದ ಬೀಜದ ಹೊಗೆಯನ್ನು ಹಿಡಿದು, ಕೆಳಗಿಟ್ಟ ನೀರಿನ ಬಟ್ಟಲಲ್ಲಿ ಕಾಣುವ ಬಿಳಿಯ ಎಳೆಗಳನ್ನು ತೋರಿಸಿ, “ಇಗೋ, ನಿನ್ನ ಹಲ್ಲಿನ ಹುಳು!” ಎಂದು ಹಣ ಪಡೆಯುವವರಿದ್ದರು. ಬೀಜದ ಹೊಗೆ ಹಾಕಿ ಹಲ್ಲಿನ ಹುಳು ತೆಗೆಯುವವರು ನಮ್ಮ ಜಾತ್ರೆ ಸಂತೆಗಳಿಗೂ ಅಪರಿಚಿತರಲ್ಲ.

ಫ್ರಾನ್ಸ್ ದೇಶದ ಪಿಯರ್ ಫೊಶಾರ್ ಎಂಬ ದಂತವೈದ್ಯನು 1728ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಕೆಟ್ಟ ಹಲ್ಲುಗಳನ್ನು ಎಷ್ಟು ಪರೀಕ್ಷಿಸಿದರೂ ತನಗೆ ಅಂತಹ ಹುಳು ಕಾಣಲಿಲ್ಲವೆಂದು ತಿಳಿಸಿದನು. 1757ರಲ್ಲಿ ಜರ್ಮನಿಯ ಶೆಫರ್ ಎಂಬ ನಿಸರ್ಗಶಾಸ್ತ್ರಜ್ಞನು ಬಟ್ಟಲಲ್ಲಿ ಬಿದ್ದ ‘ಹುಳು’ಗಳ ಗುಟ್ಟನ್ನು ಹೊರಗೆಡಹಿದನು: ಅವು ಬಾಯಿಯಿಂದ ಬಿದ್ದವಲ್ಲ, ಕಾವಿಗೆ ಸಿಡಿದ ಬೀಜಗಳಿಂದಲೇ ಹೊರಬಂದ ಎಳೆಯ ಮೊಳಕೆಗಳು!

ಹುಳುವಿಲ್ಲವೆಂದ ಮೇಲೆ ಹುಳುಕಿಗೆ ಕಾರಣವಾವುದು? ಅದು ಶಾಲೆಯ ಮೆಟ್ಟಿಲನ್ನು ಇನ್ನೂ ಹತ್ತದ ಎಳೆಯ ಮಕ್ಕಳ ಬಾಯಲ್ಲಿ ಏಕೆ ಇಷ್ಟು ಬೇಗ ಕಾಣಿಸಿಕೊಳ್ಳುತ್ತದೆ? ಅದಕ್ಕೆ ಚಿಕಿತ್ಸೆಯೇನು? ಇವನ್ನು ಈ ಲೇಖನದಲ್ಲಿ ವಿಚಾರಿಸೋಣ.

ಕಬ್ಬಿನ ನಾಡು

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಈಚೆಗೆ ಸ್ವತಂತ್ರ ತಾಲೂಕುಗಳಾದ ನಿಪ್ಪಾಣಿ ಮತ್ತು ಕಾಗವಾಡ ಹೀಗೆ ಐದು ತಾಲೂಕುಗಳು ಒಂದಕ್ಕೊಂದು ಹೊಂದಿಕೊಂಡಿವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರನ್ನುಂಡ ಈ ನೆಲದಲ್ಲಿ ನಿಪ್ಪಾಣಿಯ ಸುತ್ತಣ ತಂಬಾಕನ್ನು ಬಿಟ್ಟರೆ ಕಣ್ಣಿಗೆ ಎದ್ದು ಕಾಣುವ ಬೆಳೆ ಕಬ್ಬು. ಉಗಾರ ಖುರ್ದದಲ್ಲಿ 1939ರಷ್ಟು ಹಿಂದೆಯೇ ಸಕ್ಕರೆ ಕಾರ್ಖಾನೆಯ ಕಂಪನಿ ಸ್ಥಾಪನೆಯಾಯಿತು. ಆಮೇಲೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಮೊದಲಾದ ಸಹಕಾರಿ ಕಾರ್ಖಾನೆಗಳು ಬಂದುವು. ಸುಗ್ಗಿಯ ತಿಂಗಳುಗಳಲ್ಲಿ ಕಬ್ಬು ಹೇರಿದ ಗಾಡಿಗಳ ಸಾಲು, ಆಲೆಮನೆಯ ಕೊಪ್ಪರಿಗೆಯಿಂದ ಏಳುವ ಬೆಲ್ಲದ ವಾಸನೆ, ಇವು ಇಲ್ಲಿಯ ಗಾಳಿಯಲ್ಲಿಯೇ ಬೆರೆತಿರುತ್ತವೆ.

ಸಿಹಿಯಿಲ್ಲದೆ ಇಲ್ಲಿ ಹಬ್ಬವಿಲ್ಲ. ನಾಗರಪಂಚಮಿಗೆ ಬಗೆಬಗೆಯ ಉಂಡಿ, ಗೌರಿ ಹುಣ್ಣಿಮೆಗೆ ಅಚ್ಚಿನಲ್ಲಿ ಹೊಯ್ದ ಸಕ್ಕರೆಯ ಆರತಿ, ಸಂಕ್ರಾಂತಿಗೆ ಕುಸುರೆಳ್ಳು, ಚಿಂಚಲಿಯ ಮಾಯಕ್ಕನ ಜಾತ್ರೆಯಿಂದ ಬರುವಾಗ ಕೈಯಲ್ಲಿ ಬೆಂಡು ಬತ್ತಾಸಿನ ಪೊಟ್ಟಣ. ಇವು ವರ್ಷಕ್ಕೊಮ್ಮೆ ಬರುವ ಸಂತೋಷಗಳು; ಇವುಗಳ ಮೇಲೆ ನಾವು ದೋಷ ಹೊರಿಸಬೇಕಾಗಿಲ್ಲ. ನಿಜವಾದ ಸಂಗತಿ ದಿನದಿನದ ರೂಢಿಯಲ್ಲಿದೆ. ಬೆಳಗ್ಗೆ ಎದ್ದ ಮಗುವಿಗೆ ಸಿಹಿ ಚಹಾ, ಅದರಲ್ಲಿ ಅದ್ದಿದ ಬಿಸ್ಕತ್ತು. ಅಳು ನಿಲ್ಲಿಸಲು ಒಂದು ಪೇಪರಮೆಂಟು. ಅಂಗಡಿಗೆ ಹೋದ ಅಜ್ಜನ ಬೆನ್ನು ಹತ್ತಿದ್ದಕ್ಕೆ ಒಂದು ಚಾಕೊಲೇಟು. ರಾತ್ರಿ ಮಲಗುವಾಗ ಸಕ್ಕರೆ ಹಾಕಿದ ಹಾಲಿನ ಬಾಟಲಿ. ಹೊಲದಲ್ಲಿ ಕಬ್ಬು ಕಡಿಯುವ ತಾಯಿಗಾಗಲಿ, ಮನೆಯಲ್ಲಿ ಕುಳಿತು ಬೀಡಿ ಸುತ್ತುವ ತಾಯಿಗಾಗಲಿ, ಕೈತುಂಬ ಕೆಲಸವಿದ್ದಾಗ ಮಗುವನ್ನು ಸುಮ್ಮನಿರಿಸುವ ಉಪಾಯ ಇದಕ್ಕಿಂತ ಅಗ್ಗವಾದುದು ಮತ್ತೊಂದು ದೊರೆಯದು. ಆ ಅಗ್ಗದ ಬೆಲೆಯನ್ನು ಮಗುವಿನ ಹಲ್ಲು ತೆರಬೇಕಾಗುತ್ತದೆ.

ಇದು ಈ ಐದು ತಾಲೂಕುಗಳ ಕಥೆ ಮಾತ್ರವಲ್ಲ. ಭಾರತದ ದಂತವೈದ್ಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 52 ಮಂದಿಗೆ ದಂತಕ್ಷಯವಿದ್ದುದು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 51 ಕೋಟಿ 40 ಲಕ್ಷ ಮಕ್ಕಳ ಹಾಲುಹಲ್ಲುಗಳು ಹುಳುಕಾಗಿವೆ. ಆರು ವರ್ಷ ತುಂಬುವುದರೊಳಗೆ ಹಾಲುಹಲ್ಲುಗಳಲ್ಲಿ ಒಂದಾದರೂ ಕೆಟ್ಟಿದ್ದರೆ ಅದನ್ನು ‘ಬಾಲ್ಯಾರಂಭದ ದಂತಕ್ಷಯ’ವೆಂದು ವೈದ್ಯರು ಕರೆಯುತ್ತಾರೆ.

ಬಿದ್ದುಹೋಗುವ ಹಲ್ಲಿಗೆ ಚಿಂತೆಯೇಕೆ?

“ಹೇಗೂ ಬಿದ್ದುಹೋಗುವ ಹಲ್ಲು, ಕೆಟ್ಟರೇನಂತೆ?” ಎನ್ನುವವರು ಬಹಳ. ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆದು ಹೊಸ ಹಲ್ಲನ್ನು ಬೇಡುವ ಮಕ್ಕಳಿಗೂ ಈ ಧೈರ್ಯವಿರುತ್ತದೆ. ಆದರೆ ಲೆಕ್ಕವನ್ನು ನೋಡೋಣ. ಹಾಲುಹಲ್ಲುಗಳು ಒಟ್ಟು 20. ಮೊದಲನೆಯದು ಸುಮಾರು ಆರನೆಯ ತಿಂಗಳಲ್ಲಿ ಮೂಡುತ್ತದೆ. ಎರಡೂವರೆ ವರ್ಷದ ಹೊತ್ತಿಗೆ ಇಪ್ಪತ್ತೂ ಬಂದಿರುತ್ತವೆ. ಮುಂದಿನವು ಆರೇಳು ವರ್ಷಕ್ಕೆ ಬೀಳುವುದು ನಿಜ. ಆದರೆ ಹಿಂದಿನ ದವಡೆಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ದುಡಿಯಬೇಕು. ಮೂರನೆಯ ವರ್ಷದಲ್ಲಿ ಹುಳುಕಾದ ದವಡೆಹಲ್ಲಿನೊಡನೆ ಮಗು ಇನ್ನು ಏಳೆಂಟು ವರ್ಷ ಬಾಳಬೇಕೆಂದಾಯಿತು.

ಹಾಲುಹಲ್ಲಿನ ಕೆಲಸ ಅಗಿಯುವುದಷ್ಟೇ ಅಲ್ಲ. ಮಾತನ್ನು ತಿದ್ದುವುದು ಅದೇ; ಮುಂದೆ ಬರುವ ಶಾಶ್ವತ ಹಲ್ಲಿಗೆ ಜಾಗ ಕಾದಿರಿಸುವುದೂ ಅದೇ. ದವಡೆಹಲ್ಲು ಅಕಾಲದಲ್ಲಿ ಹೋದರೆ ಪಕ್ಕದವು ಆ ಕಡೆಗೆ ವಾಲಿ, ಹೊಸ ಹಲ್ಲು ಓರೆಯಾಗಿ ಹುಟ್ಟುತ್ತದೆ. ಹುಳುಕು ಆಳಕ್ಕಿಳಿದರೆ ಕೀವು ಕಟ್ಟಿ ಕೆನ್ನೆ ಊದುತ್ತದೆ. ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಕುಂದು ತಟ್ಟಬಹುದು. ನೋವಿನಿಂದ ಮಗು ಉಣ್ಣುವುದಿಲ್ಲ, ನಿದ್ರಿಸುವುದಿಲ್ಲ, ತೂಕ ಏರುವುದಿಲ್ಲ. ಎರಡು ಮೂರು ವರ್ಷದ ಕೂಸಿಗೆ “ನನ್ನ ಹಲ್ಲು ನೋಯುತ್ತದೆ” ಎಂದು ಹೇಳಲೂ ಬಾರದು. ಹಟವೆಂದೂ, ಊಟ ಸೇರದೆಂದೂ ತಿಳಿದು ಹಿರಿಯರು ಗದರಿಸುವುದೂ ಉಂಟು.

ಬಾಯಿಯೊಳಗಿನ ಆಲೆಮನೆ

ಹಲ್ಲಿನ ಹೊರಪದರಕ್ಕೆ ಎನಾಮಲ್ ಎಂದು ಹೆಸರು. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದ ಹರಳುಗಳು ಒತ್ತಾಗಿ ಕೂಡಿ ಇದು ಆಗಿದೆ. ಇದರ ಒಳಗೆ ಡೆಂಟೀನ್ ಎಂಬ ಮೆತ್ತನೆಯ ಪದರ. ಅದರೊಳಗೆ ನರಗಳೂ ರಕ್ತನಾಳಗಳೂ ಇರುವ ತಿರುಳು. ಹಾಲುಹಲ್ಲಿನ ಎನಾಮಲ್ ಶಾಶ್ವತ ಹಲ್ಲಿನ ಎನಾಮಲಿನ ಅರ್ಧದಷ್ಟೇ ದಪ್ಪ, ತಿರುಳು ಮಾತ್ರ ಪ್ರಮಾಣದಲ್ಲಿ ದೊಡ್ಡದು. ಗೋಡೆ ತೆಳು, ಒಳಮನೆ ಹತ್ತಿರ. ಆದುದರಿಂದಲೇ ಮಕ್ಕಳ ಹಲ್ಲಿನಲ್ಲಿ ಹುಳುಕು ಕೆಲವೇ ತಿಂಗಳಲ್ಲಿ ತಿರುಳನ್ನು ಮುಟ್ಟಿಬಿಡುತ್ತದೆ.

ಇಷ್ಟು ಗಟ್ಟಿಯಾದ ಎನಾಮಲನ್ನು ಕರಗಿಸುವ ಶತ್ರು ಆಮ್ಲ. ಇದನ್ನು ತಿಳಿಯಲು ನೀವು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಕೋಳಿಮೊಟ್ಟೆಯನ್ನು ಒಂದು ರಾತ್ರಿ ವಿನೆಗರಿನಲ್ಲಿ ಮುಳುಗಿಸಿಡಿರಿ. ಗುಳ್ಳೆಗಳು ಏಳುತ್ತ ಏಳುತ್ತ ಮರುದಿನಕ್ಕೆ ಚಿಪ್ಪು ಮೆತ್ತಗಾಗಿಯೋ ಕರಗಿಯೋ ಹೋಗಿರುತ್ತದೆ. ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂ ಕಾರ್ಬನೇಟು, ಹಲ್ಲಿನದು ಕ್ಯಾಲ್ಸಿಯಂ ಫಾಸ್ಫೇಟು. ಹಲ್ಲಿನಿಂದ ಗುಳ್ಳೆ ಏಳುವುದಿಲ್ಲ, ಕರಗುವುದೂ ನಿಧಾನ. ಆದರೆ ಆಮ್ಲಕ್ಕೆ ಎರಡೂ ಸೋಲುತ್ತವೆ.

ಬಾಯಿಗೆ ಆಮ್ಲ ಬರುವುದೆಲ್ಲಿಂದ? ಈ ಪ್ರಶ್ನೆಗೆ ಸರಿಯಾದ ದಾರಿ ತೋರಿದವನು ಅಮೆರಿಕದಲ್ಲಿ ಹುಟ್ಟಿ ಬರ್ಲಿನ್ನಿನಲ್ಲಿ ಕೆಲಸ ಮಾಡಿದ ಡಬ್ಲ್ಯು. ಡಿ. ಮಿಲ್ಲರ್. ಕಿತ್ತ ಹಲ್ಲನ್ನು ಲಾಲಾರಸ ಮತ್ತು ರೊಟ್ಟಿಯೊಡನೆ ಬೆಚ್ಚಗೆ ಇಟ್ಟರೆ ಅದು ಸವೆಯುವುದೆಂದೂ, ಬಾಯಿಯ ಸೂಕ್ಷ್ಮಜೀವಿಗಳು ಆಹಾರವನ್ನು ಹುದುಗಿಸಿ ಆಮ್ಲ ಮಾಡುವುದೇ ಇದಕ್ಕೆ ಕಾರಣವೆಂದೂ ಆತನು ತೋರಿಸಿ 1890ರಲ್ಲಿ ಗ್ರಂಥ ಬರೆದನು. 1924ರಲ್ಲಿ ಲಂಡನ್ನಿನ ಕ್ಲಾರ್ಕ್ ಎಂಬಾತನು ಹುಳುಕು ಹಲ್ಲಿನಿಂದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಜೀವಿಯನ್ನು ಬೇರ್ಪಡಿಸಿದನು. ಇಂತಹ ಜೀವಿಗಳು ಒಂದು ಪ್ರಾಣಿಯಿಂದ ಮತ್ತೊಂದಕ್ಕೆ ದಾಟಿ ಹುಳುಕನ್ನು ಹರಡಬಲ್ಲವೆಂಬುದು 1960ರಲ್ಲಿ ಕೀಸ್ ಎಂಬ ವಿಜ್ಞಾನಿ ಹ್ಯಾಮ್‌ಸ್ಟರುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಸ್ಥಿರವಾಯಿತು. ಹುಟ್ಟುವಾಗ ಮಗುವಿನ ಬಾಯಲ್ಲಿ ಈ ಜೀವಿ ಇರುವುದಿಲ್ಲ. ಮುಖ್ಯವಾಗಿ ಹತ್ತಿರದವರ ಜೊಲ್ಲಿನ ಮೂಲಕ, ಅದರಲ್ಲಿಯೂ ತಾಯಿಯಿಂದ, ಬರುತ್ತದೆ. ಆದಕಾರಣ ಬಸುರಿಯ, ಬಾಣಂತಿಯ ಹಲ್ಲಿನ ಚಿಕಿತ್ಸೆ ಮಗುವಿನ ಹಲ್ಲಿಗೂ ರಕ್ಷೆ.

ಈ ಜೀವಿಯ ಕಸುಬು ವಿಚಿತ್ರವಾದುದು. ಇದು ಬಾಯಿಯೊಳಗೆ ಒಂದು ಸಣ್ಣ ಆಲೆಮನೆಯನ್ನೇ ಹೂಡುತ್ತದೆ. ಆದರೆ ನಮ್ಮ ಆಲೆಮನೆಗೆ ಕಬ್ಬು ಹೋಗಿ ಬೆಲ್ಲ ಬಂದರೆ, ಇದರ ಆಲೆಮನೆಗೆ ಸಕ್ಕರೆ ಹೋಗಿ ಲ್ಯಾಕ್ಟಿಕ್ ಆಮ್ಲ ಬರುತ್ತದೆ. ಅಷ್ಟೇ ಅಲ್ಲದೆ ಕಬ್ಬಿನ ಸಕ್ಕರೆಯಿಂದ ಇದು ಅಂಟಿನಂಥ ವಸ್ತುವೊಂದನ್ನು ತಯಾರಿಸಿ, ಆ ಅಂಟಿನಿಂದ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಉಗುರಿನಿಂದ ಹಲ್ಲನ್ನು ಕೆರೆದರೆ ಬರುವ ಬಿಳಿಯ ಲೋಳೆಯ ಪೊರೆ ಇದೇ. ಬೆಲ್ಲವಾದರೆ ಬಾಧೆಯಿಲ್ಲವೆಂದು ಕೆಲವರು ತಿಳಿದಿರುವರು. ಬೆಲ್ಲದಲ್ಲಿ ಕೊಂಚ ಖನಿಜಾಂಶವಿರುವುದು ದಿಟ. ಆದರೆ ಅದರ ಬಹುಭಾಗ ಸಕ್ಕರೆಯೇ, ಮೇಲಾಗಿ ಅಂಟು ಹೆಚ್ಚು.

ಎಷ್ಟು ಎಂಬುದಕ್ಕಿಂತ ಎಷ್ಟು ಸಲ

ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಪೊರೆಯಲ್ಲಿ ಆಮ್ಲ ಏರುತ್ತದೆ. ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ 7 ಎಂಬುದು ತಟಸ್ಥ ಸ್ಥಿತಿ. ಅದು ಸುಮಾರು 5.5ಕ್ಕಿಂತ ಇಳಿದರೆ ಎನಾಮಲಿನ ಖನಿಜ ಕರಗತೊಡಗುತ್ತದೆ. ಲಾಲಾರಸವು ಆಮ್ಲವನ್ನು ತೊಳೆದು, ಕಳೆದ ಖನಿಜವನ್ನು ಮರಳಿ ತುಂಬಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಇದನ್ನು 1940ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಎಂಬಾತನು ಅಳೆದು ತೋರಿಸಿದನು.

ಈಗ ಒಂದು ಗಣಿತ. ಮಗು ದಿನಕ್ಕೆ ಎರಡು ಸಲ, ಊಟದೊಡನೆ, ಸಿಹಿ ತಿಂದರೆ ಹಲ್ಲು ಆಮ್ಲದಲ್ಲಿ ನೆನೆಯುವುದು ಒಂದೆರಡು ಗಂಟೆ. ಉಳಿದ ಹೊತ್ತೆಲ್ಲ ದುರಸ್ತಿಗೆ ದೊರೆಯುತ್ತದೆ. ಅಷ್ಟೇ ಸಿಹಿಯನ್ನು ಎಂಟು ಚೂರು ಮಾಡಿ ಎಂಟು ಸಲ ಕೊಟ್ಟರೆ ನಾಲ್ಕರಿಂದ ಎಂಟು ಗಂಟೆಗಳ ಕಾಲ ಸವೆತ ನಡೆಯುತ್ತದೆ. ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದ ನಡುವಿನಿಂದ ನಡೆದು 1954ರಲ್ಲಿ ಪ್ರಕಟವಾದ ಪರಿಶೋಧನೆಯು ಇದನ್ನೇ ಸಾರಿತು: ಊಟದೊಡನೆ ತಿಂದ ಸಕ್ಕರೆಗಿಂತ ಊಟಗಳ ನಡುವೆ ತಿಂದ, ಹಲ್ಲಿಗೆ ಅಂಟುವ ಮಿಠಾಯಿಯೇ ಬಹಳ ಕೇಡು. ಆದರೆ ಆ ಪ್ರಯೋಗಕ್ಕೆ ಒಳಗಾದವರು ಒಪ್ಪಿಗೆ ಕೊಡಲಾರದ ಮನೋವಿಕಲ ರೋಗಿಗಳು. ಅವರ ಹಲ್ಲುಗಳನ್ನು ತಿಳಿದೂ ತಿಳಿದೂ ಕೆಡಿಸಲಾಯಿತು. ಜ್ಞಾನ ದೊರೆತರೂ ಅದನ್ನು ಪಡೆದ ಬಗೆ ವಿಜ್ಞಾನಕ್ಕೆ ಗೌರವ ತರುವಂಥದಲ್ಲವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ರಾತ್ರಿಯ ಬಾಟಲಿ ಎಲ್ಲಕ್ಕಿಂತ ಅಪಾಯಕರ. ನಿದ್ರೆಯಲ್ಲಿ ಲಾಲಾರಸ ಬತ್ತುತ್ತದೆ, ನುಂಗುವುದೂ ನಿಂತಂತಾಗುತ್ತದೆ. ಸಿಹಿ ಹಾಲು ಮೇಲಿನ ಮುಂಹಲ್ಲುಗಳ ಸುತ್ತ ಗಂಟೆಗಟ್ಟಲೆ ನಿಲ್ಲುತ್ತದೆ. ಕೆಳಗಿನ ಮುಂಹಲ್ಲುಗಳನ್ನು ನಾಲಗೆ ಮುಚ್ಚಿರುವುದರಿಂದಲೂ ಜೊಲ್ಲಿನ ಗ್ರಂಥಿಗಳು ಹತ್ತಿರವಿರುವುದರಿಂದಲೂ ಅವು ಬಹುಶಃ ಉಳಿಯುತ್ತವೆ. ಮೇಲಿನ ನಾಲ್ಕು ಹಲ್ಲು ಕರಿಯ ಮೋಟುಗಳಾಗಿ, ಕೆಳಗಿನವು ಬೆಳ್ಳಗಿರುವ ಮಗುವನ್ನು ಕಂಡರೆ ಅದರ ರಾತ್ರಿಯ ಕಥೆಯನ್ನು ಹೇಳದೆಯೇ ಊಹಿಸಬಹುದು.

ಚಿಕಿತ್ಸೆಯ ಮೆಟ್ಟಿಲುಗಳು

ಹುಳುಕು ಮೊದಲು ರಂಧ್ರವಾಗಿ ತೋರುವುದಿಲ್ಲ; ವಸಡಿನ ಅಂಚಿಗೆ ಸುಣ್ಣ ಬಳಿದಂಥ ಮಾಸಲು ಬಿಳಿಯ ಪಟ್ಟೆಯಾಗಿ ತೋರುತ್ತದೆ. ಈ ಹಂತದಲ್ಲಿ ಹಲ್ಲು ಇನ್ನೂ ಮರಳಿ ಗಟ್ಟಿಯಾಗಬಲ್ಲುದು. ಸಿಹಿಯ ಸರದಿಗಳನ್ನು ಕಡಿಮೆ ಮಾಡಿ, ದಿನಕ್ಕೆರಡು ಸಲ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಿ, ವೈದ್ಯರು ಆಗಾಗ ಫ್ಲೋರೈಡ್ ವಾರ್ನಿಷನ್ನು ಬಳಿದರೆ ಸಾಕಾಗಬಹುದು. ಬಳಿಯಲು ಒಂದೆರಡು ನಿಮಿಷವಷ್ಟೇ ಬೇಕು, ನೋವಿಲ್ಲ.

ರಂಧ್ರ ಬಿದ್ದ ಮೇಲೂ ಹಿಂದಿನಂತೆ ಸೂಜಿ, ಕೊರೆಯುವ ಯಂತ್ರಗಳಿಗೆ ಮಗುವನ್ನು ಒಡ್ಡಲೇಬೇಕೆಂದಿಲ್ಲ. ಬೆಳ್ಳಿ ಮತ್ತು ಫ್ಲೋರೈಡ್ ಕೂಡಿದ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣದ ಒಂದು ಹನಿಯನ್ನು ಹುಳುಕಿಗೆ ಸವರಿದರೆ ಬೆಳ್ಳಿಯು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಫ್ಲೋರೈಡು ಹಲ್ಲನ್ನು ಗಟ್ಟಿಮಾಡುತ್ತದೆ. ಜಪಾನಿನಲ್ಲಿ 1970ರ ಸುಮಾರಿಗೆ ಬಳಕೆಗೆ ಬಂದ ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ವರ್ಷಕ್ಕೆರಡು ಸಲ ಸವರಿದರೆ ಬಹುಪಾಲು ಹುಳುಕುಗಳು ಮುಂದುವರಿಯದೆ ನಿಲ್ಲುತ್ತವೆ. ಇದರ ಒಂದು ಕುಂದೆಂದರೆ ಹುಳುಕಿನ ಜಾಗ ಶಾಶ್ವತವಾಗಿ ಕಪ್ಪಾಗುವುದು. ಚಿಕಿತ್ಸೆಗೆ ಮೊದಲೇ ತಾಯಿತಂದೆಗಳಿಗೆ ಇದನ್ನು ತಿಳಿಸತಕ್ಕದ್ದು. ಇಲ್ಲವಾದರೆ ಔಷಧವೇ ಹಲ್ಲನ್ನು ಕೆಡಿಸಿತೆಂದು ತಿಳಿದಾರು.

1980ರ ದಶಕದಲ್ಲಿ ಆಫ್ರಿಕದ ಟಾಂಜಾನಿಯದಲ್ಲಿ, ವಿದ್ಯುತ್ತಿಲ್ಲದ ಹಳ್ಳಿಗಳಿಗಾಗಿ ಮತ್ತೊಂದು ವಿಧಾನ ರೂಪುಗೊಂಡಿತು. ಮೆತ್ತಗಾದ ಭಾಗವನ್ನು ಕೈಯಲ್ಲಿ ಹಿಡಿವ ಸಣ್ಣ ಉಪಕರಣಗಳಿಂದ ತೋಡಿ ತೆಗೆದು, ಗ್ಲಾಸ್ ಅಯೊನೊಮರ್ ಎಂಬ ಅಂಟುವ ಸಿಮೆಂಟನ್ನು ತುಂಬುವುದು. ಈ ಸಿಮೆಂಟನ್ನು ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ಎಂಬವರು ಕಂಡುಹಿಡಿದು 1972ರಲ್ಲಿ ಪ್ರಕಟಿಸಿದ್ದರು. ಮೇಜು, ಬೆಳಕು, ಪಳಗಿದ ಕೈ, ಇಷ್ಟಿದ್ದರೆ ಅಂಗನವಾಡಿಯ ಪಡಸಾಲೆಯಲ್ಲಿಯೂ ಈ ಕೆಲಸ ನಡೆದೀತು. ದವಡೆಹಲ್ಲಿನ ಬದಿ ಕೆಟ್ಟಿದ್ದರೆ ಸ್ಕಾಟ್ಲೆಂಡಿನ ನೊರ್ನಾ ಹಾಲ್ ಎಂಬ ದಂತವೈದ್ಯೆಯ ಉಪಾಯವುಂಟು: ಕೊರೆಯದೆ, ಸೂಜಿ ಚುಚ್ಚದೆ, ಸಿದ್ಧವಾಗಿರುವ ಉಕ್ಕಿನ ಟೊಪ್ಪಿಗೆಯನ್ನು ಸಿಮೆಂಟಿನಿಂದ ಹಲ್ಲಿನ ಮೇಲೆ ಕೂರಿಸಿಬಿಡುವುದು. ಒಳಗುಳಿದ ಸೂಕ್ಷ್ಮಜೀವಿಗಳು ಸಕ್ಕರೆ ದೊರೆಯದೆ ಸೊರಗಿ ನಿಷ್ಕ್ರಿಯವಾಗುತ್ತವೆ.

ತಿರುಳಿಗೆ ಸೋಂಕು ತಾಕಿದ್ದರೆ ಮಾತ್ರ ದಾರಿ ಕಠಿಣ. ಕೆಟ್ಟ ತಿರುಳನ್ನು ತೆಗೆದು ಔಷಧ ತುಂಬಬೇಕು. ಅದಕ್ಕೂ ಮೀರಿದ್ದರೆ ಹಲ್ಲು ಕಿತ್ತು, ಜಾಗ ಮುಚ್ಚದಂತೆ ತಂತಿಯ ಬಳೆಯೊಂದನ್ನು ಇಡಬೇಕು. ಕೆನ್ನೆ ಊದಿ ಜ್ವರ ಬಂದ ಮಗುವನ್ನು ಒಂದು ದಿನವೂ ತಡೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಇಂಥ ಚಿಕಿತ್ಸೆಗೆ ಮಕ್ಕಳ ದಂತತಜ್ಞರು ಬೇಕು. 1985ರಲ್ಲಿ ಸ್ಥಾಪಿತವಾದ ಕೆ.ಎಲ್.ಇ. ದಂತವೈದ್ಯ ಮಹಾವಿದ್ಯಾಲಯ ಬೆಳಗಾವಿಯಲ್ಲಿದೆ. ಆದರೆ ಅಥಣಿಯಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ದಿನಗೂಲಿಯನ್ನು ಬಿಟ್ಟು ಹಲವು ಸಲ ಅಷ್ಟು ದೂರ ಹೋಗಿಬರುವುದು ಎಷ್ಟು ಮಂದಿಗೆ ಸಾಧ್ಯ? ಹತ್ತು ಮೈಲಿಯೊಳಗೆ, ಹುಳುಕು ಚಿಕ್ಕದಿರುವಾಗಲೇ, ಸುಲಭ ಚಿಕಿತ್ಸೆ ದೊರೆಯುವಂತಾಗುವುದೇ ಈ ನಾಡಿನ ಮಕ್ಕಳ ಮಟ್ಟಿಗೆ ನಿಜವಾದ ಪ್ರಗತಿ.

ಅದಕ್ಕೆ ಒಂದು ಬಾಗಿಲು ತೆರೆದಿದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದಾಗಿ ಹಳ್ಳಿಹಳ್ಳಿಯಲ್ಲಿ ಅಂಗನವಾಡಿಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಅವರು ನೋಡತಕ್ಕ ತೊಂದರೆಗಳಲ್ಲಿ ದಂತಕ್ಷಯವೂ ಸೇರಿದೆ. ಆ ದಿನ ಮಗುವನ್ನು ತಪ್ಪದೆ ಕಳುಹಿಸಿ, “ಹಲ್ಲನ್ನೂ ನೋಡಿರಿ” ಎಂದು ಕೇಳುವುದು ತಾಯಿತಂದೆಗಳ ಹಕ್ಕು.

ಮನೆಯ ಕೆಲಸ

ಮೊದಲ ಹಲ್ಲು ಮೂಡಿದ ದಿನದಿಂದಲೇ ಉಜ್ಜುವುದನ್ನು ಆರಂಭಿಸಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಯ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಪೇಸ್ಟು ಸಾಕು. ಏಳೆಂಟು ವರ್ಷದವರೆಗೆ ಹಿರಿಯರೇ ಉಜ್ಜಬೇಕು. ಉಜ್ಜಿದ ಮೇಲೆ ಉಗುಳಿಸಬೇಕು. ಕೊಳವೆಬಾವಿಯ ನೀರನ್ನೇ ಕುಡಿಯುವ ಊರುಗಳಲ್ಲಿ ನೀರಿನ ಫ್ಲೋರೈಡನ್ನು ಪರೀಕ್ಷಿಸಿಕೊಳ್ಳುವುದು ಲೇಸು, ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಾದರೆ ಅದೇ ಫ್ಲೋರೈಡು ಹಲ್ಲಿನ ಮೇಲೆ ಕಂದು ಕಲೆಗಳನ್ನು ತರುತ್ತದೆ. ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವ ಚಟ ಗಡಿನಾಡಿನಲ್ಲಿ ಇನ್ನೂ ಉಂಟು. ಹಲ್ಲುಪುಡಿ, ಪೇಸ್ಟುಗಳಿಗೆ ತಂಬಾಕು ಬೆರೆಸುವುದನ್ನು ಭಾರತ ಸರಕಾರ 1992ರಲ್ಲಿಯೇ ನಿಷೇಧಿಸಿತು. ಮಿಶ್ರಿ ಹುಳುಕನ್ನು ತಡೆಯುವುದಿಲ್ಲ. ಮಗುವಿನ ಕೈಗೆ ಅದು ಎಂದೂ ಸಿಗಬಾರದು.

ವರ್ಷ ತುಂಬುವ ಹೊತ್ತಿಗೆ ಬಾಟಲಿಯನ್ನು ಬಿಡಿಸಿ ಲೋಟಕ್ಕೆ ರೂಢಿಸಬೇಕು. ರಾತ್ರಿ ಉಜ್ಜಿದ ಮೇಲೆ ನೀರಲ್ಲದೆ ಬೇರೇನನ್ನೂ ಕೊಡಬಾರದು. ಹಸಿವಿಗೆ ಪೇಪರಮೆಂಟಿನ ಬದಲು ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯ ಚೂರು, ಬೇಯಿಸಿದ ಕಾಳು, ಮಜ್ಜಿಗೆ, ಪೇರಲ ಹಣ್ಣು. ಇವಾವುವೂ ಈ ಸೀಮೆಗೆ ಹೊಸತಲ್ಲ. ಉಂಡಿಯನ್ನು ಪಂಚಮಿಯ ಊಟದೊಡನೆ ತಿನ್ನಲಿ. ಸಕ್ಕರೆ ಆರತಿಯ ಗೊಂಬೆಯನ್ನು ದಿನವಿಡೀ ಚೀಪುವುದು ಮಾತ್ರ ಬೇಡ.

ಈ ಲೇಖನವನ್ನು ಓದುವ ನೀವು ಬಹುಮಟ್ಟಿಗೆ ಯಾವುದೋ ಪುಟ್ಟ ಮಗುವಿಗೆ ಅಕ್ಕನೋ ಅಣ್ಣನೋ ಕಾಕನೋ ಮಾವಶಿಯೋ ಆಗಿರುವಿರಿ. ಇಂದು ಸಂಜೆ ಬೆಳಕಿನ ಕಡೆಗೆ ಮಗುವನ್ನು ಕೂರಿಸಿಕೊಂಡು ಅದರ ಮೇಲ್ದುಟಿಯನ್ನು ಮೆಲ್ಲನೆ ಎತ್ತಿ ನೋಡಿರಿ. ವಸಡಿನಂಚಿಗೆ ಬಿಳಿಯ ಪಟ್ಟೆ ಕಂಡರೆ ಹೆದರಬೇಡಿರಿ, ಸಮಯವಿನ್ನೂ ಮೀರಿಲ್ಲ. ಹುಳುವಿದ್ದಿದ್ದರೆ ಹೊಗೆ ಹಾಕಿ ಓಡಿಸಬಹುದಾಗಿತ್ತೇನೋ. ಇಲ್ಲದ ಹುಳುವನ್ನು ಓಡಿಸುವುದು ಹೊಗೆಯಿಂದಾಗದು. ಒಂದು ಬ್ರಶ್ಶು, ಅಕ್ಕಿಕಾಳಿನಷ್ಟು ಪೇಸ್ಟು, ಮಲಗುವ ಮುನ್ನ ಮನೆಯವರು ಕೊಡುವ ಎರಡು ನಿಮಿಷದ ಹೊತ್ತು, ಇವುಗಳಿಂದ ಆದೀತು.